ಅನೀಸ್‌ನ ಕೈ ಯಾರದ್ದು, ಸ್ವರ ಯಾರದ್ದು?

ನೀರ್ಚಾಲಿನ ಟೀಚರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಓದಿ ತುಂಬ ಖುಷಿಯಾಯಿತು. ಅಷ್ಟನ್ನೂ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಅದರ ಸಾರ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ನೀವು, ನಿಮ್ಮ ಅಣ್ಣ ಕುವೈಟಿನಲ್ಲಿದ್ದಿರಿ. ಟಿವಿಯಲ್ಲಿ ‘ಇಫ್ತಹ್ ಯಾ ಸಿಮ್‌ಸಿಮ್’ ನೋಡಿ ಬೆಳೆದಿರಿ. ಅಮೆರಿಕದ ಮಕ್ಕಳ ಬೊಂಬೆ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ಅರಬಿ ರೂಪ ಅದು, 1979ರಲ್ಲಿ ಶುರುವಾದದ್ದು. ಮೊನ್ನೆ ಬದಿಯಡ್ಕದ ಮದುವೆಮನೆಯಲ್ಲಿ ಆ ಬೊಂಬೆಗಳ ಸುದ್ದಿ ಬಂದು ಅಣ್ಣ-ತಂಗಿಗೆ ವಾದ ಹತ್ತಿತು. ಬೊಂಬೆಗೆ ಜೀವ ಕೊಟ್ಟವರು ತೀರಿಹೋದ ಮೇಲೆ ಬೊಂಬೆಯನ್ನೂ ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಕು, ಬೇರೆ ಸ್ವರ ಕೇಳಿದರೆ ಸಂಕಟವಾಗುತ್ತದೆ ಅಂತ ಅಣ್ಣ. ಮಕ್ಕಳಿಗೆ ಬೊಂಬೆ ಮುಖ್ಯ, ಕೈ ಯಾರದ್ದಾದರೇನು ಅಂತ ನೀವು. ಯಾರು ಸರಿ ಅಂತ ಕೇಳಿದ್ದೀರಿ.

ಅಣ್ಣನ ಸಂಕಟ ನನಗೆ ಅರ್ಥವಾಗುತ್ತದೆ. ‘ಸೆಸಮಿ ಸ್ಟ್ರೀಟ್’ನ ಬೊಂಬೆಗಳ ಹಿಂದಿದ್ದ ಜಿಮ್ ಹೆನ್ಸನ್, ಮುಂದೆ ಕಪ್ಪೆ ಅಂತ ಹೆಸರಾದ ಕರ್ಮಿಟ್ ಬೊಂಬೆಯನ್ನು 1955ರಲ್ಲಿ ಮೊದಲು ಹೊಲಿದದ್ದು ಅಮ್ಮನ ಹಳೇ ಕೋಟಿನ ಬಟ್ಟೆಯಿಂದ. ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣು ಇಟ್ಟರು. ಆಗ ಅದಿನ್ನೂ ಕಪ್ಪೆಯೂ ಆಗಿರಲಿಲ್ಲ. ಮುಂದೆ 35 ವರ್ಷ ಅದೇ ಕೈ, ಅದೇ ಸ್ವರ. 1990ರ ಮೇ 16ರಂದು ಹೆನ್ಸನ್ ಸೋಂಕು ತಗಲಿ ಹಠಾತ್ತಾಗಿ ತೀರಿಕೊಂಡರು. ಬರೀ 53 ವರ್ಷ. ನವೆಂಬರಿನಲ್ಲೇ ಸ್ಟೀವ್ ವಿಟ್‌ಮೈರ್ ಕೈಯಲ್ಲಿ ಕರ್ಮಿಟ್ ಮತ್ತೆ ಟಿವಿಗೆ ಬಂತು. ಮನೆಯ ಹಿರಿಯರ ವರ್ಷಾಂತಿಕ ಕಳೆಯುವ ಮೊದಲೇ ಅವರ ಕುರ್ಚಿಯಲ್ಲಿ ಬೇರೆಯವರು ಕೂತ ಹಾಗೆ. ನೋವಾಗದೆ ಇರುತ್ತದಾ?

ಆದರೆ ಟೀಚರೇ, ಅಣ್ಣನಿಗೆ ಒಂದು ಮಾತು ಹೇಳಿ. ಅವರಿಗೆ ಅನೀಸ್ ಅಂದರೆ ಜೀವ ಅಂತ ಬರೆದಿದ್ದೀರಿ. ಅನೀಸ್ ಅಂದರೆ ‘ಸೆಸಮಿ ಸ್ಟ್ರೀಟ್’ನ ಅರ್ನಿ ಬೊಂಬೆ. ಅವನ ಜೊತೆಗಾರ ಬದ್ರ್ ಅಂದರೆ ಬರ್ಟ್. ಅರ್ನಿಯನ್ನು ಆಡಿಸುತ್ತಿದ್ದವರು ಇದೇ ಹೆನ್ಸನ್, ಬರ್ಟ್‌ನನ್ನು ಫ್ರಾಂಕ್ ಆಜ್. ಅದಕ್ಕೆ ಅರಬಿ ಮಾತು ಕೂಡಿಸಿದವರು ಬೇರೆ. ಅಂದರೆ ನಿಮ್ಮ ಅಣ್ಣನ ಅನೀಸ್‌ಗೆ ಕೈ ಒಬ್ಬರದ್ದು, ಸ್ವರ ಇನ್ನೊಬ್ಬರದ್ದು. ಅದರಿಂದ ಪ್ರೀತಿ ಏನಾದರೂ ಕಮ್ಮಿಯಾಯಿತಾ?

ನಮ್ಮ ಊರಿನವರಿಗೆ ಇದು ಹೊಸತಲ್ಲ. ಕಾಸರಗೋಡಿನ ಪಿಲಿಕುಂಜೆಯ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ, ಕೆ.ವಿ. ರಮೇಶರ ಮುಂದಾಳತ್ವದಲ್ಲಿ, ತೆಂಕುತಿಟ್ಟಿನ ವೇಷ ತೊಟ್ಟ ಬೊಂಬೆಗಳನ್ನು ದೇಶದ ಹೊರಗೂ ಕುಣಿಸಿ ಬಂದಿದೆ. ಅಲ್ಲಿ ದಾರ ಎಳೆಯುವವರು ಒಬ್ಬರು, ಪದ ಹೇಳುವ ಭಾಗವತರು ಇನ್ನೊಬ್ಬರು, ಅರ್ಥ ಹೇಳುವವರು ಮತ್ತೊಬ್ಬರು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳನ್ನು ಇವತ್ತಿಗೂ ಎಷ್ಟು ಕಂಠಗಳು ಹಾಡುತ್ತಿವೆ! ಯಾರ ಬಾಯಲ್ಲಿ ಬಂದರೂ ಅವು ಅವನವೇ.

ಹಾಗಂತ ಕೈ ಯಾರದ್ದಾದರೇನು ಅನ್ನುವ ನಿಮ್ಮ ಮಾತಿಗೂ ನನ್ನ ಒಪ್ಪಿಗೆ ಇಲ್ಲ. ಹಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಬೊಂಬೆಯಾಟ ನಡೆದಾಗ ಪರದೆಯ ಹಿಂದೆ ನಿಂತು ನೋಡಿದ್ದೆ. ಹದಿಮೂರು ಹದಿನಾಲ್ಕರ ಹುಡುಗನೊಬ್ಬನಿದ್ದ. ಮುಂದಿನ ಬೊಂಬೆಯನ್ನು ಎತ್ತಿ ಕೊಡುವುದು, ಆಟ ಮುಗಿದದ್ದನ್ನು ದಾರ ಸಿಕ್ಕಾಗದ ಹಾಗೆ ತೂಗುಹಾಕುವುದು, ಇಷ್ಟೇ ಅವನ ಕೆಲಸ. ಅವನ ಕೈ ಖಾಲಿ. ಆದರೆ ಹಿರಿಯರು ದಾರ ಎಳೆದಾಗಲೆಲ್ಲ ಚೆಂಡೆಯ ತಾಳಕ್ಕೆ ಸರಿಯಾಗಿ ಇವನ ಬೆರಳುಗಳೂ ಗಾಳಿಯಲ್ಲಿ ಆಡುತ್ತಿದ್ದವು. ಆ ಬೆರಳುಗಳನ್ನು ನಾನು ಮರೆತಿಲ್ಲ.

ನಿಮಗೆ ಇಷ್ಟವಾದ, ‘ಸೆಸಮಿ ಸ್ಟ್ರೀಟ್’ನ ಬಿಗ್ ಬರ್ಡ್‌ದೂ ಇದೇ ಕಥೆ. ಎಂಟು ಅಡಿ ಎರಡು ಇಂಚಿನ ಹಳದಿ ಹಕ್ಕಿ. ಒಳಗೆ 1969ರಿಂದ ಕ್ಯಾರಲ್ ಸ್ಪಿನ್ನಿ. ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಕ್ಕಿಯ ತಲೆ ಆಡಿಸಬೇಕು, ಕಿರುಬೆರಳಲ್ಲಿ ರೆಪ್ಪೆ ಮಿಟುಕಿಸಬೇಕು. ಎಡಗೈ ಎಡ ರೆಕ್ಕೆಯಲ್ಲಿ. ಅಲ್ಲಿಂದ ಒಂದು ದಾರ ಬಲ ರೆಕ್ಕೆಗೆ. ಎಡಗೈ ಇಳಿದರೆ ಬಲ ರೆಕ್ಕೆ ಏಳುತ್ತದೆ. ಹೊರಗಿನದು ಕಾಣುವುದಿಲ್ಲ, ಎದೆಗೆ ಕಟ್ಟಿದ ಪುಟ್ಟ ಟಿವಿಯೇ ಕಣ್ಣು. ಇದನ್ನು ಮ್ಯಾಟ್ ವೋಗಲ್ ಎಂಬ ಬೊಂಬೆಯಾಟದವರು ಸ್ಪಿನ್ನಿಯ ಹತ್ತಿರವೇ ಇದ್ದು 20 ವರ್ಷಕ್ಕೂ ಜಾಸ್ತಿ ಕಾಲ ಕಲಿತರು. 2015ರಿಂದ ಸ್ಪಿನ್ನಿಗೆ ಆ ವೇಷದೊಳಗೆ ನಿಲ್ಲಲು ಆಗಲಿಲ್ಲ. ಆಗ ಒಳಗೆ ವೋಗಲ್, ಸ್ವರ ಮಾತ್ರ ಸ್ಪಿನ್ನಿಯದ್ದು. 2018ರಲ್ಲಿ ಸ್ಪಿನ್ನಿ ಕೆಲಸ ಬಿಟ್ಟರು, ಮರುವರ್ಷ ತೀರಿಕೊಂಡರು. ಅಷ್ಟರಲ್ಲಿ ಹಕ್ಕಿ ಪೂರ್ತಿಯಾಗಿ ಕೈ ಬದಲಿಸಿಯಾಗಿತ್ತು. ಇನ್ನೊಂದು ವಿಷಯ ಗೊತ್ತಾ? 2017ರಿಂದ ಕರ್ಮಿಟ್‌ನನ್ನು ಆಡಿಸುತ್ತಿರುವವರೂ ಇದೇ ವೋಗಲ್.

ಪೆಟ್ಟಿಗೆಯಲ್ಲಿ ಇಡುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಆದರೆ ಬೊಂಬೆ ಹಿಡಿಯುವವರು ಹಿರಿಯರ ಪಕ್ಕ ಖಾಲಿ ಕೈಯಲ್ಲಿ ನಿಂತು ಕಲಿತವರಾಗಿರಬೇಕು. ಆ ಕಲಿಕೆ ಹಿರಿಯರು ಗಟ್ಟಿ ಇರುವಾಗಲೇ ಶುರುವಾಗಬೇಕು.

ನಿಮ್ಮ ಆರನೇ ಕ್ಲಾಸಿನ ಮಕ್ಕಳು ಹಳೇ ಸಾಕ್ಸಿಗೆ ಸೋಡಾ ಮುಚ್ಚಳದ ಕಣ್ಣು ಇಟ್ಟು ಬೊಂಬೆ ಮಾಡಿದ್ದಾರೆ ಅಂತ ಬರೆದಿದ್ದೀರಲ್ವಾ? ಒಂದು ಬೊಂಬೆಗೆ ಇಬ್ಬರು ಮಕ್ಕಳನ್ನು ಹಾಕಿ ನೋಡಿ. ಒಬ್ಬರದ್ದು ಕೈ, ಒಬ್ಬರದ್ದು ಮಾತು. ಮುಂದಿನ ವಾರ ಅದಲುಬದಲು. ಫೋಟೊ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಇಡುತ್ತೇನೆ. ಅಣ್ಣನ ವಿಳಾಸವನ್ನೂ ಬರೆಯಿರಿ, ಅವರಿಗೂ ಒಂದು ಪ್ರತಿ ಹೋಗಲಿ.

– ಸಂಪಾದಕ