ಎರಡು ಕಾರ್ಬುರೇಟರ್ ಆಮೇಲೆ, ಮೊದಲು ರೇಡಿಯೇಟರ್

ಪ್ರಶ್ನೆ: ನನ್ನದು 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್. ಹುಮನಾಬಾದ್ ಕಡೆ ಹೊರಟರೆ ಏರಿನಲ್ಲಿ ಎಳೆಯುವುದಿಲ್ಲ, ಕಾದು ನಿಲ್ಲುತ್ತದೆ. ಎರಡು ಕಾರ್ಬುರೇಟರ್ ಕೂಡಿಸಿದರೆ ಜೋರು ಬಂದೀತೇ?
– ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ನಿಮ್ಮ ಆಸೆ ಬುಡವಿಲ್ಲದ್ದೇನಲ್ಲ. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ನಿಮ್ಮ ಬಾನೆಟ್ ಕೆಳಗಿರುವ 1489 ಸಿಸಿಯ ಬಿ ಸೀರೀಸ್ ಎಂಜಿನ್ನೇ. ಅದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ), ಸುಮಾರು 70 ಅಶ್ವಶಕ್ತಿ. ಆದರೆ ಅದರ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣ ಅದುಮಿಸಿಕೊಳ್ಳುವ ಪ್ರಮಾಣ, ನಿಮ್ಮದಕ್ಕಿಂತ ಹೆಚ್ಚು. ಬರೀ ಕಾರ್ಬುರೇಟರ್ ಎರಡಾದರೆ ಗಾಡಿ ಪೆಟ್ರೋಲ್ ಕುಡಿದೀತು, ಓಡಲಿಕ್ಕಿಲ್ಲ. ಎರಡನ್ನೂ ಸಮ ಹೊಂದಿಸಬಲ್ಲ ಮಿಸ್ತ್ರಿಗಳೂ ಈಗ ಅಪರೂಪ.

ಕಾಯುವ ರೋಗ ಮೊದಲು ಬಿಡಿಸಿ. ನಮ್ಮದು ಸುಣ್ಣಕಲ್ಲಿನ ನೆಲ. ಬೋರ್ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಹೊಪ್ಪಳಿಕೆ ಹತ್ತುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಅದೇ ಹತ್ತುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಆಫ್ ಮಾಡಿ, ರೇಡಿಯೇಟರಿನ ಮುಂಭಾಗದ ಹತ್ತಿರ ಅಂಗೈ ಆಡಿಸಿ. ನಡುವೆ ಎಲ್ಲಾದರೂ ತಣ್ಣಗಿನ ಪಟ್ಟಿ ಸಿಕ್ಕರೆ ಅಲ್ಲಿ ಕೊಳವೆ ಕಟ್ಟಿದೆ. ರೇಡಿಯೇಟರಿನ ಟ್ಯಾಂಕ್ ಬಿಚ್ಚಿಸಿ ಕಡ್ಡಿ ಆಡಿಸಿ ತೆಗೆಸಬೇಕು, ಹೋಗದಿದ್ದರೆ ಹೊಸ ಕೋರ್ (ಕೊಳವೆಗಳ ಜಾಲ). ಎಂಜಿನ್ ಬ್ಲಾಕಿನಿಂದ ನೀರು ಬಸಿಯುವ ಡ್ರೇನ್ ತಿರುಗಿಸಿದರೂ ನೀರು ಬರದಿದ್ದರೆ ತಳದಲ್ಲಿ ಕೆಸರು ಕೂತಿದೆ ಎಂದರ್ಥ. ತಂತಿ ಹಾಕಿ ಕೆದಕಿ. ಬಳಿಕ ತುಂಬುವುದು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಎರಡು ಪಾಲು, ಕೂಲಂಟ್ ಒಂದು ಪಾಲು. ‘ನಮ್ಮ ಬಿಸಿಲಿಗೆ ಯಾಕ್ರೀ’ ಅಂತ ಯಾರೋ ಕಿತ್ತೆಸೆದಿರಬಹುದಾದ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಕೂಡ ಮರಳಿ ಕೂಡಲಿ, 82 ಡಿಗ್ರಿಯದು. ಅದಿಲ್ಲದೆ ಚಳಿಗಾಲದಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಆಯಿಲ್ ಕೆಡುತ್ತದೆ.

ಎಳೆತದ ವಿಷಯ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಗೇಜ್ ಹಾಕಿ ನೋಡಿಸಿ. ಒಂದು ತೀರಾ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ಬಹುಶಃ ವಾಲ್ವ್. ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸುವಾಗ ಒಂಬತ್ತರ ಲೆಕ್ಕ ಹಿಡಿಯಿರಿ: ತೆರೆದ ವಾಲ್ವಿನ ನಂಬರ್, ಹೊಂದಿಸುವ ವಾಲ್ವಿನ ನಂಬರ್ ಕೂಡಿ ಒಂಬತ್ತಾಗಬೇಕು. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಆರನೆಯದು ತೆರೆದಾಗ ಮೂರನೆಯದು, ಹೀಗೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು 0.35ರಿಂದ 0.40 ಮಿ.ಮೀ. ಇಷ್ಟಾದರೆ ಅರ್ಧ ಜೋರು ತಾನೇ ಮರಳುತ್ತದೆ.

ಮುಂದೆ ಖರ್ಚು ಮಾಡುವುದಾದರೆ ಬ್ರೇಕಿಗೆ ಮಾಡಿ. ನಂತರದ ಅಂಬಾಸಿಡರ್‌ಗಳ ಮುಂದಿನ ಡಿಸ್ಕ್ ಸೆಟ್ ಹಾಕುವಾಗ ಹಳೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಭಾಗ) ಉಳಿಸಿಕೊಳ್ಳಬೇಡಿ. ಡ್ರಮ್ಮಿಗೆಂದು ಅದರೊಳಗಿರುವ ವಾಲ್ವ್ ಪೈಪಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುತ್ತದೆ. ಡಿಸ್ಕಿಗೆ ಅದೇ ಶತ್ರು: ಪೆಡಲ್ ಬಿಟ್ಟರೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಕಾದು ವಾಸನೆ ಬರುತ್ತದೆ.

ಐದು ಗೇರಿನ 1800 ಸಿಸಿಯ ಇಸುಝು ಎಂಜಿನ್ ಕೂಡಿಸುವ ಮಾತು ನಿಮ್ಮ ಗ್ಯಾರೇಜಿನಲ್ಲೂ ಬಂದೀತು. ಒಳ್ಳೆಯ ಎಂಜಿನ್ನೇ. ಆದರೆ ಆರ್‌ಟಿಒ ಒಪ್ಪಿಗೆ ಮೊದಲು, ಸ್ಪ್ಯಾನರ್ ಆಮೇಲೆ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರದಿದ್ದರೆ ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ.