ಇಬ್ಬರು ವರ್ಷಪೂರ್ತಿ ಮೋಟರ್‌ಹೋಮ್‌ನಲ್ಲೇ ಇರಬೇಕಾದರೆ ಎಷ್ಟು ಅಡಿ ಗಾಡಿ ಬೇಕು?

ನಿಮ್ಮ ಪ್ರಶ್ನೆ ಓದಿ ಐದು ವರ್ಷದ ಹಿಂದಿನ ನಮ್ಮನ್ನೇ ನೋಡಿದ ಹಾಗಾಯಿತು. ನ್ಯೂಜೆರ್ಸಿಯ ಮನೆ ಮಾರಿ, ಇಬ್ಬರೇ ಅಮೆರಿಕ ಸುತ್ತುತ್ತ ಮೋಟರ್‌ಹೋಮ್‌ನಲ್ಲೇ, ಅಂದರೆ ಮಂಚ, ಅಡುಗೆಮನೆ, ಬಾತ್‌ರೂಮ್ ಎಲ್ಲ ಇರುವ ಗಾಡಿಯಲ್ಲೇ, ಇದ್ದುಬಿಡಬೇಕು ಅಂತ ಬರೆದಿದ್ದೀರಿ. ನಿಮ್ಮ ಮನೆಯವರಿಗೆ ಇನ್ನೂ ಎರಡು ವರ್ಷ ಆನ್‌ಲೈನ್ ಕೆಲಸ ಇದೆ. ಚಳಿಗಾಲಕ್ಕೆ ಅರಿಜೋನಾ, ಬೇಸಿಗೆಗೆ ನ್ಯಾಷನಲ್ ಪಾರ್ಕ್‌ಗಳು. ನಡುವೆ ಮೈಸೂರಿಂದ ಅಮ್ಮ ಬಂದು ಒಂದು ತಿಂಗಳು ಇರುತ್ತಾರೆ. ಡೀಲರ್ 38 ಅಡಿಯದ್ದೇ ತಗೊಳ್ಳಿ ಅನ್ನುತ್ತಾರೆ, ಗೆಳೆಯರು 21 ಅಡಿ ವ್ಯಾನ್ ಸಾಕು ಅನ್ನುತ್ತಾರೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮಗೆ 29ರಿಂದ 32 ಅಡಿ, ಹಿಂದೆ ಎಳೆದುಕೊಂಡು ಹೋಗಲು ಒಂದು ಸಣ್ಣ ಕಾರು. ಆದರೆ ಅಡಿ ಲೆಕ್ಕ ಹಾಕುವ ಮೊದಲು ಎರಡು ವಿಷಯ ತೀರ್ಮಾನ ಮಾಡಿ. ಒಂದು ಜಾಗದಲ್ಲಿ ಎಷ್ಟು ದಿನ ನಿಲ್ಲುತ್ತೀರಿ? ಮೂರು ದಿನ ಬಿಡದೆ ಮಳೆ ಬಂದರೆ ಇಬ್ಬರೂ ಎಲ್ಲೆಲ್ಲಿ ಕೂರುತ್ತೀರಿ?

ಎರಡನೆಯ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ನಾವು ಮೊದಲು ತಗೊಂಡಿದ್ದು 24 ಅಡಿಯ ಕ್ಲಾಸ್ ಸಿ. ಬಿಸಿಲಿನ ದಿನಗಳಲ್ಲಿ ಅದು ಅರಮನೆ. ಬಾಗಿಲು ತೆಗೆದರೆ ಹೊರಗೆ ಕುರ್ಚಿ, ಬೆಟ್ಟ, ಕಾಫಿ. ನವೆಂಬರ್‌ನಲ್ಲಿ ಒರೆಗಾನ್ ಕರಾವಳಿಗೆ ಹೋದಾಗ ನಾಲ್ಕು ದಿನ ಮಳೆ ನಿಲ್ಲಲೇ ಇಲ್ಲ. ನಾನು ಒಲೆ ಮುಂದೆ ನಿಂತರೆ ನಮ್ಮ ಯಜಮಾನರು ಬಾತ್‌ರೂಮಿಗೆ ಹೋಗುವಂತಿಲ್ಲ. ಮಂಚ ಮೂಲೆಗೆ ಅಂಟಿಕೊಂಡಿತ್ತು. ರಾತ್ರಿ ಒಳಗಡೆ ಮಲಗಿದವರು ಏಳಬೇಕಾದರೆ ಇನ್ನೊಬ್ಬರನ್ನು ದಾಟಿಯೇ ಬರಬೇಕು. ಎರಡು ವಾರದ ಪ್ರವಾಸಕ್ಕೆ ಇದೆಲ್ಲ ಏನೂ ಅಲ್ಲ. ವರ್ಷಪೂರ್ತಿ ಅಂದರೆ ಮಾತು ಬೇರೆ. ಹದಿನಾಲ್ಕು ತಿಂಗಳಾದ ಮೇಲೆ ಅದನ್ನು ಮಾರಿ 31 ಅಡಿಯ ಕ್ಲಾಸ್ ಎ ತಗೊಂಡೆವು. ಹೊಸ ಗಾಡಿಯ ಬೆಲೆ ಮೊದಲ ವರ್ಷದಲ್ಲೇ ಎಷ್ಟು ಇಳಿಯುತ್ತದೆ ಅಂತ ಗೊತ್ತಾಗಿದ್ದು ಆಗ. ನಿಮಗೆ ಆ ನಷ್ಟ ಆಗದಿರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ಹೆಸರುಗಳು ಹೊಸದಾದರೆ, ಕ್ಲಾಸ್ ಬಿ ಅಂದರೆ ವ್ಯಾನ್. ರ‍್ಯಾಮ್ ಪ್ರೊಮಾಸ್ಟರ್, ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನ್‌ಗಳ ಒಳಗೇ ಮನೆ ಕಟ್ಟಿರುತ್ತಾರೆ. ಕ್ಲಾಸ್ ಸಿಗೆ ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಮುಂದೆ ಚಾಚಿಕೊಂಡಿರುತ್ತದೆ. ಕ್ಲಾಸ್ ಎ ನೋಡಲು ಬಸ್ಸಿನಂತೆ, 45 ಅಡಿವರೆಗೂ ಬರುತ್ತದೆ.

ಈಗ ತೂಕದ ವಿಷಯ. ಡೀಲರ್ ಬಹುಶಃ ಇದನ್ನು ಹೇಳಿರುವುದಿಲ್ಲ. ಗಾಡಿ ದೊಡ್ಡದಾದಷ್ಟೂ ಸಾಮಾನು ಜಾಸ್ತಿ ಹಿಡಿಯುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಕ್ಲಾಸ್ ಸಿಯಲ್ಲಿ ಎಷ್ಟೋ ಸಲ ಇದು ಉಲ್ಟಾ. 24 ಅಡಿಯದ್ದನ್ನೂ 32 ಅಡಿಯದ್ದನ್ನೂ ಫೋರ್ಡ್ ಇ-450 ಎಂಬ ಒಂದೇ ಚಾಸಿಸ್ (ಎಂಜಿನ್, ಚಕ್ರ ಇರುವ ಅಡಿಗಟ್ಟು) ಮೇಲೆ ಕಟ್ಟುತ್ತಾರೆ. ಅದರ ಒಟ್ಟು ತೂಕದ ಮಿತಿ 14,500 ಪೌಂಡ್. ಉದ್ದ ಹೆಚ್ಚಿದಂತೆ ಗೋಡೆ, ಸ್ಲೈಡ್‌ಔಟ್ (ಗಾಡಿ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗ), ಸೋಫಾ ಎಲ್ಲ ಸೇರಿ ಗಾಡಿಯ ಸ್ವಂತ ತೂಕ ಏರುತ್ತದೆ. ಮಿತಿ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಕಪಾಟುಗಳು ಜಾಸ್ತಿ, ಅದರೊಳಗೆ ಇಡಬಹುದಾದ ತೂಕ ಕಡಿಮೆ.

ಬಾಗಿಲ ಹತ್ತಿರ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಒಳಗಿನ ಅಲಂಕಾರ ನೋಡುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ. ನಮ್ಮ ಮೊದಲ ಗಾಡಿಯಲ್ಲಿ 1,400 ಪೌಂಡ್ ಅಂತಿತ್ತು. ನಮಗೆ ಅದು ದೊಡ್ಡ ಸಂಖ್ಯೆಯಾಗಿಯೇ ಕಂಡಿತ್ತು. ಲೆಕ್ಕ ಹಾಕಿ ನೋಡಿ. ನಾವಿಬ್ಬರೇ 300 ಪೌಂಡ್. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 332. ಉಳಿದಿದ್ದು ಸುಮಾರು 770 ಪೌಂಡ್. ಅಷ್ಟರಲ್ಲೇ ಬಟ್ಟೆ, ಹಾಸಿಗೆ, ಪಾತ್ರೆ, ಅಕ್ಕಿ ಮೂಟೆ, ರಾಗಿ ಹಿಟ್ಟು, ಟೂಲ್‌ಗಳು, ಕುರ್ಚಿಗಳು, ಪುಸ್ತಕಗಳು, ಆಮೇಲೆ ಹಾಕಿಸಿದ ಬ್ಯಾಟರಿ ಎಲ್ಲವೂ ಹಿಡಿಯಬೇಕು. ಟ್ರಕ್ ಸ್ಟಾಪ್‌ನ ತೂಕದ ಕಟ್ಟೆ ಮೇಲೆ ನಿಲ್ಲಿಸಿದಾಗ ಮಿತಿಗಿಂತ 400 ಪೌಂಡ್ ಜಾಸ್ತಿ ಇತ್ತು. ಆರು ತಿಂಗಳು ಹಾಗೇ ಓಡಿಸಿದ್ದೆವು. ತೂಕ ಮೀರಿದ ಗಾಡಿ ಇಳಿಜಾರಿನಲ್ಲಿ ಬೇಗ ನಿಲ್ಲುವುದಿಲ್ಲ, ಟೈರ್ ಕಾದು ಸಿಡಿಯಬಹುದು. ಆ ತೂಕದ ಚೀಟಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ನಾನು ಹೇಳುವುದು: ಇಬ್ಬರು ವರ್ಷಪೂರ್ತಿ ಇರಬೇಕಾದರೆ ಸ್ಟಿಕ್ಕರ್‌ನಲ್ಲಿ ಕನಿಷ್ಠ 2,500 ಪೌಂಡ್ ಇರಲಿ. ಅಮ್ಮನೂ ಬರುವುದಾದರೆ 3,000 ಇದ್ದರೆ ಒಳ್ಳೆಯದು. ಇದು ನಮ್ಮ ಅನುಭವದ ಲೆಕ್ಕ. ಪೆಟ್ರೋಲ್ ಕ್ಲಾಸ್ ಎ ಗಾಡಿಗಳನ್ನು ಹೆಚ್ಚಾಗಿ ಫೋರ್ಡ್ ಎಫ್-53 ಚಾಸಿಸ್ ಮೇಲೆ ಕಟ್ಟುತ್ತಾರೆ. ಅದರಲ್ಲಿ 26,000 ಪೌಂಡ್‌ವರೆಗೆ ಬೇರೆ ಬೇರೆ ಮಿತಿಯವು ಬರುತ್ತವೆ. ಹಾಗಾಗಿ 31 ಅಡಿಯೇ ಬೇಕು ಅನ್ನಿಸಿದರೆ ಕ್ಲಾಸ್ ಸಿಗಿಂತ ಕ್ಲಾಸ್ ಎಯಲ್ಲಿ ಭಾರ ಹೊರುವ ಶಕ್ತಿ ಸಿಗುವ ಸಾಧ್ಯತೆ ಜಾಸ್ತಿ.

ಇನ್ನು ಅಡುಗೆಮನೆ. ಇಲ್ಲಿನ ವಿಡಿಯೋಗಳಲ್ಲಿ ಸ್ಯಾಂಡ್‌ವಿಚ್ ತಿಂದು ವ್ಯಾನ್‌ನಲ್ಲಿ ಹಾಯಾಗಿರುವವರನ್ನು ನೋಡಿ ನಾವು ಲೆಕ್ಕ ಹಾಕಬಾರದು. ನಮ್ಮ ಮನೆಯಲ್ಲಿ ದಿನಾ ಕುಕ್ಕರ್ ಕೂಗುತ್ತದೆ, ದಿನಾ ಒಗ್ಗರಣೆ ಬೀಳುತ್ತದೆ. ವ್ಯಾನ್‌ನಲ್ಲಿ ಒಲೆಗೂ ಹಾಸಿಗೆಗೂ ನಾಲ್ಕೈದು ಅಡಿ ಅಂತರ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ, ವಾಸನೆ ದಿಂಬಿಗೆ ಹತ್ತಿಕೊಳ್ಳುತ್ತದೆ. ಚಳಿ ಇದ್ದಾಗ ಕುಕ್ಕರ್‌ನ ಹಬೆ ಕಿಟಕಿಯ ಮೇಲೆ ನೀರಾಗಿ ಇಳಿಯುತ್ತದೆ. ಮಲಗುವ ಕೋಣೆಗೂ ಅಡುಗೆಗೂ ನಡುವೆ ಗಟ್ಟಿಯಾದ ಬಾಗಿಲು ಇರುವ ಗಾಡಿ ನೋಡಿ. ನಿಮ್ಮ ಮನೆಯವರ ಮೀಟಿಂಗ್‌ಗೂ ಅದೇ ಬಾಗಿಲು ಬೇಕು. ಪರದೆ ಸಾಲದು. ಅವರು ಕ್ಯಾಮೆರಾ ಮುಂದೆ ಮಾತಾಡುವಾಗ ನೀವು ಇತ್ತ ಕಡೆ ಮಿಕ್ಸಿ ಹಾಕುವುದು ಹೇಗೆ?

ಕರೆಂಟಿನಲ್ಲೂ ಗಾತ್ರದ ವ್ಯತ್ಯಾಸ ಇದೆ. ಸಣ್ಣ ಗಾಡಿಗಳಿಗೆ 30 ಆಂಪ್ ಸಂಪರ್ಕ, ಅಂದರೆ 3,600 ವ್ಯಾಟ್. ಎಸಿ ಮತ್ತು ಇಂಡಕ್ಷನ್ ಒಲೆ ಓಡುತ್ತಿರುವಾಗ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬಿತ್ತು ಅಂತಲೇ. ದೊಡ್ಡ ಗಾಡಿಗಳ 50 ಆಂಪ್ ಸಂಪರ್ಕದಲ್ಲಿ 12,000 ವ್ಯಾಟ್ ಸಿಗುತ್ತದೆ. ಅರಿಜೋನಾದಲ್ಲಿ ಏಪ್ರಿಲ್ ಹೊತ್ತಿಗೆ ಎಸಿ ಬೇಕಾಗುತ್ತದೆ, ಆಗ ಇದು ಗೊತ್ತಾಗುತ್ತದೆ.

ನೀರಿನ ಲೆಕ್ಕವೂ ಹೀಗೆಯೇ. ನೀವು ಹೇಳಿದ ಅರಿಜೋನಾದಲ್ಲಿ ಕ್ವಾರ್ಟ್‌ಸೈಟ್ ಎಂಬ ಊರಿನ ಹತ್ತಿರದ ಸರ್ಕಾರಿ ಜಾಗದಲ್ಲಿ, ನಾವು ಹೋದಾಗ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ 180 ಡಾಲರ್‌ಗೆ ಇಡೀ ಸೀಸನ್ ಇರಬಹುದಿತ್ತು. ಇಷ್ಟು ಅಗ್ಗ ಬೇರೆಲ್ಲೂ ನೋಡಿಲ್ಲ. ಆದರೆ ನಿಮ್ಮ ಗಾಡಿ ಹತ್ತಿರ ನಲ್ಲಿ, ಕರೆಂಟು ಇರುವುದಿಲ್ಲ. ಟ್ಯಾಂಕ್‌ನಲ್ಲಿ ಇದ್ದಷ್ಟೇ ನೀರು. ನಾವಿಬ್ಬರೂ ತುಂಬ ಹಿಡಿತದಲ್ಲಿ ಬಳಸಿದರೂ ದಿನಕ್ಕೆ 8–10 ಗ್ಯಾಲನ್ ಆಗುತ್ತದೆ, ಎಣ್ಣೆ ಜಿಡ್ಡಿನ ಬಾಣಲೆ ಒರೆಸಿಟ್ಟರೆ ಹೋಗುವುದಿಲ್ಲವಲ್ಲ. ವ್ಯಾನ್‌ನ 25 ಗ್ಯಾಲನ್ ಮೂರು ದಿನಕ್ಕೆ ಖಾಲಿ. ಈಗಿನ ಗಾಡಿಯ 70 ಗ್ಯಾಲನ್‌ನಲ್ಲಿ ವಾರ ಕಳೆಯುತ್ತೇವೆ. ಕೊಳಕು ನೀರಿನ ಟ್ಯಾಂಕ್ ಗಾತ್ರವನ್ನೂ ಕೇಳಿ. ಎಷ್ಟೋ ಸಲ ಅದೇ ಮೊದಲು ತುಂಬುವುದು.

ಹಾಗಾದರೆ 38 ಅಡಿಯೇ ಯಾಕೆ ಬೇಡ ಅಂತ ಕೇಳುತ್ತೀರಿ. ನಿಮ್ಮ ಬೇಸಿಗೆಯ ಆಸೆಯೇ ಕಾರಣ. ಯೋಸೆಮಿಟಿ ಕಣಿವೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗರಿಷ್ಠ 40 ಅಡಿ, ಅಷ್ಟು ಉದ್ದದ ಜಾಗಗಳು ಬೆರಳೆಣಿಕೆಯಷ್ಟು. ಬುಕಿಂಗ್ ತೆರೆದ ಕೂಡಲೇ ಹೋಗಿಬಿಡುತ್ತವೆ. ಹಳೆಯ ಪಾರ್ಕ್‌ಗಳು, ಸ್ಟೇಟ್ ಪಾರ್ಕ್‌ಗಳು ಇಷ್ಟು ದೊಡ್ಡ ಗಾಡಿಗಳ ಕಾಲದವಲ್ಲ. ತಿರುವು ಕಿರಿದು, ಮರ ಹತ್ತಿರ. 32 ಅಡಿಯೊಳಗಿದ್ದರೆ ನಮಗೆ ಜಾಗ ಸಿಗದೆ ವಾಪಸ್ ಬಂದದ್ದು ಕಡಿಮೆ. ಇನ್ನೊಂದು ಮಾತು, ಮಾಡೆಲ್ ಹೆಸರಲ್ಲಿರುವ ಸಂಖ್ಯೆ ನಂಬಬೇಡಿ. 29 ಅಂತ ಬರೆದಿದ್ದರೂ ಗಾಡಿ 31 ಅಡಿ ಇರಬಹುದು. ಹಿಂದಿನ ಏಣಿ, ಬಂಪರ್ ಎಲ್ಲ ಸೇರಿಸಿ ಟೇಪ್ ಹಿಡಿದು ಅಳೆಯಿರಿ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ದಾಟಿದರೆ ಬೇರೆ ಲೈಸೆನ್ಸೇ ಬೇಕು.

ಹಾಗಂತ ತೀರ ಚಿಕ್ಕದು ತಗೊಂಡರೆ ಎಲ್ಲ ಕಡೆ ನುಗ್ಗಬಹುದು ಅನ್ನುವುದೂ ಅರ್ಧ ಸತ್ಯ. ಗ್ಲೇಸಿಯರ್ ಪಾರ್ಕ್‌ನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿ ಉದ್ದ, ಕನ್ನಡಿ ಸೇರಿ 8 ಅಡಿ ಅಗಲ ಮೀರಿದ ಗಾಡಿ ಬಿಡುವುದಿಲ್ಲ. ಜಯಾನ್ ಪಾರ್ಕ್‌ನಲ್ಲಿ 1930ರಲ್ಲಿ ಮುಗಿಸಿದ, ಒಂದು ಮೈಲಿಗೂ ಉದ್ದದ ಸುರಂಗ ಇದೆ. ಅಲ್ಲಿ 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ಮೀರಿದ ಗಾಡಿಗೆ ಎದುರಿನ ಸಂಚಾರ ನಿಲ್ಲಿಸಿ ದಾರಿ ಬಿಡುತ್ತಿದ್ದರು. ನಾವು 15 ಡಾಲರ್ ಕೊಟ್ಟು ದಾಟಿದ್ದೆವು. 2026ರ ಮಧ್ಯದಿಂದ ಅಂಥ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸುವುದಾಗಿ ಪಾರ್ಕ್‌ನವರು ಹೇಳಿದ್ದಾರೆ. ನಮ್ಮ ಹಳೆಯ 24 ಅಡಿಯ ಗಾಡಿಯೂ ಈ ಎರಡು ಕಡೆ ಅಳತೆ ಮೀರಿದ್ದೇ. ಅಂದರೆ ವ್ಯಾನ್ ಬಿಟ್ಟು ಮೇಲೆ ಹೋದ ಮೇಲೆ 24 ಅಡಿಯೂ 31 ಅಡಿಯೂ ಇಂಥ ರಸ್ತೆಗಳಲ್ಲಿ ಒಂದೇ. ಅಲ್ಲಿಗೆ ಕಾರು ಬೇಕು.

ಕಾರು ಇದ್ದರೆ ಜೀವನವೇ ಬದಲಾಗುತ್ತದೆ. ಹಾಲು ತರಲು ಇಡೀ ಮನೆ ಕಟ್ಟಿಕೊಂಡು ಹೊರಡಬೇಕಿಲ್ಲ. ಎಲ್ಲ ಕಾರನ್ನೂ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯಲು ಆಗುವುದಿಲ್ಲ, ಕಾರಿನ ಮ್ಯಾನ್ಯುಯಲ್ ನೋಡಿ. ಜೀಪ್ ರ‍್ಯಾಂಗ್ಲರ್ ಎಳೆಯುವವರು ಬಹಳ ಜನ. ಗಾಡಿಯ ಹಿಚ್ (ಕಾರು ಕಟ್ಟುವ ಹಿಂದಿನ ಕೊಂಡಿ) ಎಷ್ಟು ಎಳೆಯುತ್ತದೆ ಅಂತಲೂ ನೋಡಿ, ಹಲವು ಪೆಟ್ರೋಲ್ ಕ್ಲಾಸ್ ಎಗಳಲ್ಲಿ 5,000 ಪೌಂಡ್ ಇರುತ್ತದೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನಾಲ್ವರು ಮಲಗಬಹುದು ಅಂದ ಮಾತ್ರಕ್ಕೆ ನಾಲ್ವರು ಸುರಕ್ಷಿತವಾಗಿ ಪ್ರಯಾಣ ಮಾಡಬಹುದು ಅಂತಲ್ಲ. ಸೀಟ್ ಬೆಲ್ಟ್ ಇರುವ ಸೀಟುಗಳನ್ನು ಎಣಿಸಿ, ಅದರಲ್ಲಿ ಮುಂದಕ್ಕೆ ಮುಖ ಮಾಡಿರುವವು ಎಷ್ಟು ನೋಡಿ. ಕ್ಲಾಸ್ ಸಿಯ ಅಟ್ಟದ ಹಾಸಿಗೆಗೆ ಏಣಿ ಹತ್ತಬೇಕು. ವಯಸ್ಸಾದವರಿಗೆ ಅದು ಆಗದ ಮಾತು. ನಮ್ಮ ಅತ್ತೆ ಬಂದಾಗ ನಮ್ಮ ಮಂಚ ಅವರಿಗೆ ಬಿಟ್ಟು ನಾವು ಸೋಫಾದಲ್ಲಿ ಮಲಗಿದೆವು. ಅವರಿಗೆ ಕಷ್ಟವಾಗಿದ್ದು ಬಾಗಿಲ ಮೆಟ್ಟಿಲು. ಎತ್ತರದ ಮೆಟ್ಟಿಲು, ಹಿಡಿಯಲು ಒಂದೇ ಕಂಬಿ. ಅಮ್ಮನ ಮಂಡಿ ಹೇಗಿದೆ ಅಂತ ನೆನಪಿಟ್ಟುಕೊಂಡು ಆ ಮೆಟ್ಟಿಲು ನೋಡಿ.

ಡೀಲರ್ ಹತ್ತಿರ ಹೋದಾಗ ಸ್ಲೈಡ್‌ಔಟ್‌ಗಳನ್ನು ಒಳಗೆಳೆಯಲು ಹೇಳಿ. ಆಮೇಲೆ ಫ್ರಿಜ್ ಬಾಗಿಲು ತೆಗೆಯಿರಿ, ಬಾತ್‌ರೂಮಿಗೆ ಹೋಗಿ, ಮಂಚಕ್ಕೆ ಹೋಗಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಗಾಡಿ ಇರುವುದು ಹಾಗೆಯೇ. ಕೆಲವು ಗಾಡಿಗಳಲ್ಲಿ ಬಾತ್‌ರೂಮ್ ಬಾಗಿಲೇ ತೆರೆಯುವುದಿಲ್ಲ. ಒಬ್ಬರು ಒಲೆ ಮುಂದೆ ನಿಲ್ಲಿ, ಇನ್ನೊಬ್ಬರು ದಾಟಿ. ಶವರ್ ಒಳಗೆ ನಿಂತು ತಲೆ ತೊಳೆಯುವ ಹಾಗೆ ಮೊಣಕೈ ಎತ್ತಿ ನೋಡಿ. ನಾಚಿಕೆ ಪಡಬೇಡಿ, ಮನೆ ತಗೊಳ್ಳುತ್ತಿದ್ದೀರಿ. ಒಂದು ಗಂಟೆ ಸುಮ್ನೆ ಒಳಗೆ ಕೂತಿರಿ.

ತಗೊಳ್ಳುವ ಮೊದಲು ಬಾಡಿಗೆಗೆ ಒಂದು ಓಡಿಸಿ ನೋಡಿ. ಕ್ರೂಸ್ ಅಮೆರಿಕದವರಲ್ಲಿ 25 ಅಡಿ, 30 ಅಡಿ ಎರಡೂ ಸಿಗುತ್ತವೆ. ಎರಡು ವಾರಕ್ಕೆ 30 ಅಡಿಯದ್ದು ತಗೊಳ್ಳಿ. ರಜೆಯ ಹಾಗೆ ಸುತ್ತಬೇಡಿ. ಮೊದಲ ವಾರ ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಎರಡನೇ ವಾರ ಒಂದೇ ಕಡೆ ನಿಂತು ನಿಮ್ಮ ಮನೆಯವರು ಪೂರ್ತಿ ಕೆಲಸ ಮಾಡಲಿ, ನೀವು ದಿನಾ ಅಡುಗೆ ಮಾಡಿ. ಎರಡರಲ್ಲಿ ಯಾವ ವಾರ ಇಷ್ಟವಾಯಿತು ಅಂತ ಆಮೇಲೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಇಬ್ಬರೂ ಮೊದಲ ವಾರ ಅಂತ ಬರೆದರೆ ನಿಮ್ಮ ಗೆಳೆಯರ ವ್ಯಾನ್ ಮಾತನ್ನು ತಳ್ಳಿಹಾಕಬೇಡಿ, 24–25 ಅಡಿಯವರೆಗೂ ನೋಡಿ. ಎರಡನೆಯದು ಅಂತ ಬಂದರೆ 32ರ ಕಡೆಗೆ ಹೋಗಿ. ನಾವು ಮೊದಲ ವರ್ಷ ಎರಡು ದಿನಕ್ಕೊಮ್ಮೆ ಓಡುತ್ತಿದ್ದೆವು. ಈಗ ಒಂದು ಕಡೆ ಮೂರು ವಾರ ನಿಲ್ಲುತ್ತೇವೆ, ತಿಂಗಳ ಬಾಡಿಗೆಯೂ ಅಗ್ಗ.

ಯಾವುದಾದರೂ ಗಾಡಿ ಇಷ್ಟವಾದರೆ ಅದರ ಸ್ಟಿಕ್ಕರ್‌ನ ಸಂಖ್ಯೆ, ಒಳಗಿನ ನಕ್ಷೆ, ಎರಡು ಟ್ಯಾಂಕ್‌ಗಳ ಗಾತ್ರ ಇಲ್ಲೇ ಹಾಕಿ. ಅಮ್ಮ ಯಾವ ತಿಂಗಳು ಬರುತ್ತಾರೆ ಅಂತಲೂ ಹೇಳಿ. ನಾನೂ ಯಜಮಾನರೂ ಕೂತು ಲೆಕ್ಕ ಹಾಕಿ ತಿಳಿಸುತ್ತೇವೆ.