ಇಂಗ್ಲೆಂಡಿನ ಹೊಲದಲ್ಲಿ ಸಿಕ್ಕ ಹಳೆಯ ಲೋಹದ ಕೊಕ್ಕೆ ಉಡುಪಿನದೋ, ಕತ್ತಿಪಟ್ಟಿಯದೋ ಎಂದು ಹೇಗೆ ಗುರುತಿಸುವುದು?

ಲೋಹಶೋಧಕಕ್ಕೆ ಸಿಗುವ 16 ಮತ್ತು 17ನೇ ಶತಮಾನದ ತಾಮ್ರಮಿಶ್ರಲೋಹದ ಕೊಕ್ಕೆಗಳನ್ನು ಮೊದಲು ಹಿಂಬದಿಗೆ ತಿರುಗಿಸಿ ನೋಡಬೇಕು. ಉಡುಪಿನ ಕೊಕ್ಕೆಯಲ್ಲಿ ಅಲಂಕೃತವಾದ ಪುಟ್ಟ ಫಲಕ, ಅದನ್ನು ಬಟ್ಟೆಗೋ ಪಟ್ಟಿಗೋ ಜೋಡಿಸಲು ಒಂದು ಕುಣಿಕೆ, ಹಿಂದಕ್ಕೆ ಬಾಗಿದ ಚೂಪುತುದಿಯ ತೆಳುವಾದ ಕೊಂಡಿ ಇರುತ್ತವೆ. ಬಟ್ಟೆಯನ್ನು ಹಿಡಿಯುವುದಷ್ಟೇ ಅದರ ಕೆಲಸ.

ಕತ್ತಿಪಟ್ಟಿಯ ಭಾಗಗಳು ಭಾರ ಹೊರಬೇಕಾಗಿತ್ತು. ಆ ಕಾಲದಲ್ಲಿ ಉದ್ದನೆಯ ಕತ್ತಿಯ ಒರೆಯನ್ನು ಸೊಂಟಪಟ್ಟಿಯಿಂದ ಇಳಿಬಿಟ್ಟ ತೊಗಲಿನ ಪಟ್ಟಿಗಳಲ್ಲಿ ಓರೆಯಾಗಿ ತೂಗುಹಾಕುತ್ತಿದ್ದರಿಂದ, ಅವುಗಳ ಕೊಕ್ಕೆಗಳು ದಪ್ಪವಾಗಿರುತ್ತವೆ ಮತ್ತು ಫಲಕದ ಹಿಂಬದಿಯಲ್ಲಿ ತೊಗಲನ್ನು ಹಿಡಿದಿಡುತ್ತಿದ್ದ ರಿವೆಟ್‌ಗಳೋ ಅವುಗಳ ರಂಧ್ರಗಳೋ ಕಾಣುತ್ತವೆ. ಮುಂಭಾಗದ ಬಳ್ಳಿಯ ಅಲಂಕಾರವನ್ನಷ್ಟೇ ನಂಬಿ ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ಅಂಥ ಅಲಂಕಾರ ಎರಡರಲ್ಲೂ ಇರಬಹುದು.

ದಯವಿಟ್ಟು ಉಜ್ಜಿ ಹೊಳಪು ಕೊಡಬೇಡಿ. ಚಿನ್ನದ ಅಥವಾ ತವರದ ಲೇಪದ ತೆಳುವಾದ ಕುರುಹು ಮಣ್ಣಿನೊಂದಿಗೇ ಹೋಗಿಬಿಡುತ್ತದೆ.

ಕೊಕ್ಕೆ ಬೆಳ್ಳಿಯದಾಗಿದ್ದರೆ ವಿಷಯವೇ ಬೇರೆ. 300 ವರ್ಷಕ್ಕಿಂತ ಹಳೆಯದಾಗಿದ್ದು, ತೂಕದಲ್ಲಿ ಕನಿಷ್ಠ 10% ಬೆಳ್ಳಿ ಅಥವಾ ಚಿನ್ನವಿರುವ ನಾಣ್ಯೇತರ ವಸ್ತುವನ್ನು, 1996ರ ನಿಧಿ ಕಾಯ್ದೆಯ ಪ್ರಕಾರ, ಅದು ನಿಧಿಯಿರಬಹುದೆಂದು ತಿಳಿದ 14 ದಿನಗಳೊಳಗೆ, ನಿಧಿಯ ವಿಚಾರಣೆ ನಡೆಸುವ ಅಧಿಕಾರಿಯಾದ ಕರೋನರ್‌ಗೆ ವರದಿ ಮಾಡಲೇಬೇಕು. ಬಿಡಿಯಾಗಿ ಸಿಕ್ಕ ತಾಮ್ರಮಿಶ್ರಲೋಹದ ಕೊಕ್ಕೆಗೆ ಸಾಮಾನ್ಯವಾಗಿ ಈ ಕಡ್ಡಾಯವಿಲ್ಲವಾದರೂ, ಸಾರ್ವಜನಿಕರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಆರಂಭವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ಸಿಕ್ಕ ಜಾಗದ ನಿಖರ ವಿವರದೊಂದಿಗೆ ಅದನ್ನು ದಾಖಲಿಸುವುದು ಶೋಧಕರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.